ಗಟ್ಟಿಮೇಳವಿಲ್ಲದೆ ಮಾಯವಾದ ದೇವತೆಗಳು

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ವರ್ಷ ಷೇಕ್ಸ್‌ಪಿಯರನ 'ದಿ ಟೆಂಪೆಸ್ಟ್' ಪಠ್ಯವಾಗಿದೆ. ನಾಲ್ಕನೇ ಅಂಕದಲ್ಲಿ ಐರಿಸ್, ಸೀರಿಸ್, ಜೂನೊ ಎಂಬ ದೇವತೆಗಳು ಬಂದು ಹಾಡಿ ಹರಸುವ 'ಮಾಸ್ಕ್' ಇದೆಯಲ್ಲ, ಅಲ್ಲಿಗೆ ಬಂದ ಕೂಡಲೇ ತರಗತಿ ತೂಕಡಿಸುತ್ತದೆ. ಅಡಿಟಿಪ್ಪಣಿಯಲ್ಲಿ 'ಅರಮನೆಯ ಮಾಸ್ಕ್‌ಗಳ ಅನುಕರಣೆ' ಎಂದಷ್ಟೇ ಕೊಟ್ಟಿದ್ದಾರೆ. ಕ್ರೈಸ್ತ ರಾಜನ ಅರಮನೆಯಲ್ಲಿ ಗ್ರೀಕ್, ರೋಮನ್ ದೇವತೆಗಳಿಗೆ ಏನು ಕೆಲಸ? ಪುರಾಣ ಬರೀ ಅಲಂಕಾರವೇ? ಸಂಗೀತ ಹೇಗಿತ್ತು, ಈಗ ಕೇಳಲು ಸಿಗುತ್ತದೆಯೇ? ಕೊನೆಗೆ ಏನೋ ವಿಚಿತ್ರ ಸದ್ದಾಗಿ ಎಲ್ಲರೂ ಮಾಯವಾಗುತ್ತಾರೆ. ಆ ಸದ್ದು ಯಾಕೆ?

ಉತ್ತರ: ನಿಮ್ಮ ತರಗತಿ ತೂಕಡಿಸಿದರೆ ಮಕ್ಕಳ ತಪ್ಪೇನೂ ಇಲ್ಲ. ನಾನೂ ಎಷ್ಟೋ ವರ್ಷ ಆ ಪುಟಗಳನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸಿ ಮುಂದಕ್ಕೆ ಹಾರಿದವನೇ. ಮಾಸ್ಕ್ ಎಂದರೆ ವೇಷ, ಹಾಡು, ಕುಣಿತ ಎಲ್ಲ ಸೇರಿದ ಅರಮನೆಯ ಆಟ; ಅದರ ಪಠ್ಯ ಓದುವುದೆಂದರೆ ಮದುವೆಗೆ ಹೋಗದೆ ಲಗ್ನಪತ್ರಿಕೆ ಓದಿದ ಹಾಗೆ. ಯಾರ ಮಗ, ಯಾರ ಮಗಳು, ಮುಹೂರ್ತ ಎಷ್ಟು ಹೊತ್ತಿಗೆ, ಎಲ್ಲ ತಿಳಿಯುತ್ತದೆ. ಓಲಗ ಕೇಳಿಸುವುದಿಲ್ಲ.

ಓಲಗದ ಮಾತು ಸುಮ್ಮನೆ ತೆಗೆದದ್ದಲ್ಲ. ನಮ್ಮ ಮದುವೆಮನೆಯಲ್ಲಿ ಅಲ್ಲಿಯವರೆಗೆ ಕೀರ್ತನೆಯನ್ನೋ ಸಿನಿಮಾ ಹಾಡನ್ನೋ ಮೆತ್ತಗೆ ನುಡಿಸುತ್ತಿದ್ದ ವಾದ್ಯದವರು, ಪುರೋಹಿತರು ಕೈ ಎತ್ತಿ 'ಗಟ್ಟಿಮೇಳ, ಗಟ್ಟಿಮೇಳ' ಎಂದ ಕೂಡಲೇ ಡೋಲು, ನಾಗಸ್ವರ ಎಲ್ಲ ಒಟ್ಟಿಗೆ ಭೋರ್ಗರೆಸುತ್ತಾರೆ. ಯಾರೋ ಸೀನಿದ್ದು, ಮಗು ಅತ್ತದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಮಂಟಪ ಕಾಣದಷ್ಟು ಹಿಂದೆ ಕೂತವರಿಗೂ ತಾಳಿ ಬಿತ್ತು ಎಂದು ಗೊತ್ತಾಗುತ್ತದೆ. ಮಾಸ್ಕ್‌ನ ಜೀವ ಇರುವುದೂ ಇಂಥ ಒಂದು ಕ್ಷಣದಲ್ಲೇ. ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಪುರಾಣ ಅಲ್ಲಿ ಅಲಂಕಾರವಲ್ಲ, ಹಾಗಂತ ಕಥೆಯೂ ಅಲ್ಲ. ಒಂದು ಬಗೆಯ ಸದ್ದು ನಿಂತು ಇನ್ನೊಂದು ಬಗೆಯ ಸದ್ದು ಏಳುವುದಕ್ಕೆ ಹುಡುಕಿಕೊಂಡ ಸಂದರ್ಭ ಅದು. ಆ ಸದ್ದು ಬದಲಾಗುವ ಜಾಗದಲ್ಲಿ ರಾಜ ಕೂತಿರುತ್ತಾನೆ.

ಹೆಸರಿನ ವಿಚಾರ ಸ್ವಲ್ಪ. ಕೊರೊನಾ ಬಂದುಹೋದ ಮೇಲೆ ಮಾಸ್ಕ್ ಎಂದರೆ ಮಕ್ಕಳಿಗೆ ಹೊಳೆಯುವುದೇ ಬೇರೆ. ಆದರೆ ಮೂಲ ಒಂದೇ, ಮೊಗವಾಡ. 1512ರ ಜನವರಿಯಲ್ಲಿ ಎಪಿಫನಿ ಹಬ್ಬದ ರಾತ್ರಿ ಎಂಟನೇ ಹೆನ್ರಿ ಹನ್ನೊಂದು ಜನರ ಜೊತೆ ಮೊಗವಾಡ ಹಾಕಿಕೊಂಡು ಬಂದು, ಅಲ್ಲಿದ್ದ ಹೆಂಗಸರನ್ನು ತಮ್ಮೊಡನೆ ಕುಣಿಯಲು ಕರೆದ. ಇದು ಇಟಲಿಯ ರೀತಿ, ಇಂಗ್ಲೆಂಡಿನಲ್ಲಿ ಹಿಂದೆ ಕಂಡದ್ದಲ್ಲ ಎಂದು ಚರಿತ್ರೆಕಾರ ಎಡ್ವರ್ಡ್ ಹಾಲ್ ಬರೆದಿಟ್ಟಿದ್ದಾನೆ. ಕೆಲವರು ಒಪ್ಪಿದರಂತೆ, ಕೆಲವರು ಒಲ್ಲೆವೆಂದರಂತೆ. ಮುಂದೆ ನೂರಿಪ್ಪತ್ತು ವರ್ಷ ಮಾಸ್ಕ್ ಎಷ್ಟೇ ಬೆಳೆದರೂ ಈ ಬೀಜ ಹಾಗೇ ಉಳಿಯಿತು: ವೇಷ ಹಾಕಿದವರು ರಂಗದಿಂದ ಇಳಿದು ಬಂದು ನೋಡುವವರ ಕೈ ಹಿಡಿದು ಕುಣಿಯಬೇಕು. ಅದಿಲ್ಲದಿದ್ದರೆ ಅದು ನಾಟಕ.

ಮಾಸ್ಕ್ ನಿಜವಾಗಿ ಮೈತುಂಬಿಕೊಂಡದ್ದು 1603ರಲ್ಲಿ ಜೇಮ್ಸ್ ಪಟ್ಟಕ್ಕೆ ಬಂದ ಮೇಲೆ. ಅದಕ್ಕೆ ರಾಜನಿಗಿಂತ ರಾಣಿ ಆ್ಯನ್ ಕಾರಣ. ಡೆನ್ಮಾರ್ಕಿನಿಂದ ಬಂದ ಈಕೆಗೆ ಕುಣಿತ, ಸಂಗೀತ ಎಂದರೆ ಪ್ರಾಣ. 1604ರ ಜನವರಿಯಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಸ್ಯಾಮ್ಯುಯೆಲ್ ಡೇನಿಯಲ್ ಬರೆದ ಹನ್ನೆರಡು ದೇವಿಯರ ಮಾಸ್ಕ್‌ನಲ್ಲಿ ಆಕೆ ಪಲ್ಲಾಸ್ ದೇವಿಯಾದಳು. ಆ ವೇಷಗಳಿಗೆ ತೀರಿಹೋದ ಎಲಿಜಬೆತ್ ರಾಣಿಯ ಉಡುಪಿನ ಪೆಟ್ಟಿಗೆಗಳನ್ನೇ ತೆಗೆಸಿದ್ದರು. ಮರುವರ್ಷದಿಂದ ಕವಿ ಬೆನ್ ಜಾನ್ಸನ್, ರಂಗವಿನ್ಯಾಸಕ ಇನಿಗೋ ಜೋನ್ಸ್ ಜೋಡಿ ಶುರುವಾಯಿತು. ಸಂಗೀತಕ್ಕೆ ಆಲ್ಫೊನ್ಸೊ ಫೆರಬೋಸ್ಕೊ, ಇಟಲಿಯ ಸಂಗೀತಗಾರನೊಬ್ಬನ ಇಂಗ್ಲೆಂಡಿನಲ್ಲೇ ಹುಟ್ಟಿದ ಮಗ.

ಆ ರಾತ್ರಿಗಳು ಹೇಗೆ ನಡೆಯುತ್ತಿದ್ದವು ಎಂದು ಮಕ್ಕಳಿಗೆ ಮೊದಲು ಹೇಳಿ. ಜಾಗ ಲಂಡನ್ನಿನ ವೈಟ್‌ಹಾಲ್ ಅರಮನೆಯ ಔತಣಮಂದಿರ. ಕಾಲ ಹೆಚ್ಚಾಗಿ ಕ್ರಿಸ್‌ಮಸ್ ಆದ ಹನ್ನೆರಡನೇ ರಾತ್ರಿ, ಅಂದರೆ ಜನವರಿ 6. ರಂಗದ ಎದುರಿಗೆ ಎತ್ತರದಲ್ಲಿ ರಾಜನ ಪೀಠ. ಜೋನ್ಸ್ ಬರೆಸಿದ ಪರದೆಯ ಚಿತ್ರಗಳಲ್ಲಿ ದೂರ, ಹತ್ತಿರ ಎಲ್ಲ ಸರಿಯಾಗಿ ಕಾಣುವುದು ಆ ಪೀಠದಿಂದ ಮಾತ್ರ. ಉಳಿದವರು ಎಷ್ಟು ಪಕ್ಕಕ್ಕೆ ಕೂತಿದ್ದಾರೋ ಅಷ್ಟು ಸೊಟ್ಟ ಕಾಣುತ್ತದೆ. ಮೊದಲು ಆಂಟಿಮಾಸ್ಕ್ ಬರುತ್ತದೆ: ಮಾಟಗಾತಿಯರು, ಸ್ಯಾಟಿರ್‌ಗಳು, ಹುಚ್ಚರು, ಕುಡುಕರು. ಈ ವೇಷಗಳು ವೃತ್ತಿ ನಟರದು. ಅದು ಒಮ್ಮೆಲೇ ಕರಗಿ ರಂಗ ಬದಲಾಗಿ, ದೇವತೆಗಳ ವೇಷದಲ್ಲಿ ರಾಣಿಯೋ ರಾಜಕುಮಾರನೋ ಸರದಾರರೋ ಕಾಣಿಸಿಕೊಳ್ಳುತ್ತಾರೆ. ಇವರು ಬಾಯಿ ಬಿಡುವುದಿಲ್ಲ, ಹಾಡುವುದಿಲ್ಲ. ತಿಂಗಳುಗಟ್ಟಲೆ ಕಲಿತ ಕುಣಿತ ಕುಣಿಯುತ್ತಾರೆ. ಆಮೇಲೆ ಕೆಳಗಿಳಿದು ಸಭೆಯವರನ್ನು ಕರೆದುಕೊಂಡು ಗ್ಯಾಲಿಯರ್ಡ್, ಕೊರಾಂಟೊ ಎಂದು ಗಂಟೆಗಟ್ಟಲೆ ಕುಣಿತ. ಇದಕ್ಕೆ 'ರೆವೆಲ್ಸ್' ಎಂದು ಹೆಸರು. ಈ ಪದ ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ. ಅಚ್ಚಾದ ಪುಸ್ತಕದಲ್ಲಿ 'ಇಲ್ಲಿ ಅವರು ಕುಣಿದರು' ಎಂಬ ಒಂದು ಸಾಲು ಇರುತ್ತದೆ ನೋಡಿ, ಆ ಸಾಲೇ ರಾತ್ರಿಯ ಮುಕ್ಕಾಲು ಪಾಲು.

ಈಗ ದೇವತೆಗಳ ವಿಚಾರ. ಕ್ರೈಸ್ತ ಸಂತರನ್ನೋ ಬೈಬಲಿನ ಪಾತ್ರಗಳನ್ನೋ ಅರಮನೆಯ ಕುಣಿತಕ್ಕೆ ತಂದರೆ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಜಗಳ ಬಾಗಿಲಲ್ಲೇ ಕಾದಿರುತ್ತಿತ್ತು. ಜೂನೊ, ಡಯಾನಾ, ಆರ್ಫಿಯಸ್ ಯಾರ ಪೂಜೆಯಲ್ಲೂ ಇರಲಿಲ್ಲ. ಆದರೆ ಸಭೆಯಲ್ಲಿದ್ದ ಓದಿದವರಿಗೆಲ್ಲ ಹುಡುಗರಾಗಿದ್ದಾಗ ಲ್ಯಾಟಿನ್ ಪಾಠದಲ್ಲಿ, ಬೆತ್ತದ ಏಟಿನ ಜೊತೆಗೇ, ಪುರಾಣಕಥೆಗಳ ರೋಮನ್ ಕವಿ ಓವಿಡ್ ಬಾಯಿಪಾಠವಾಗಿರುತ್ತಿದ್ದ. ಹಾಗಾಗಿ ಈ ದೇವತೆಗಳು ಎಲ್ಲರಿಗೂ ಗೊತ್ತಿದ್ದ, ಯಾರಿಗೂ ನೋವಾಗದ ಭಾಷೆ. ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿತ್ತು. ಆ ಪುರಾಣಗಳಲ್ಲಿ ಎಲ್ಲವೂ ಇನ್ನೊಂದಾಗುತ್ತದೆ: ಮನುಷ್ಯ ಮರವಾಗುತ್ತಾನೆ, ನಕ್ಷತ್ರ ಮನುಷ್ಯನಾಗುತ್ತದೆ, ಹುಚ್ಚು ಕಾವ್ಯವಾಗುತ್ತದೆ. ರಂಗದ ಯಂತ್ರಕ್ಕೂ ವಾದ್ಯದವರಿಗೂ ಬೇಕಾದದ್ದು ಅದೇ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 1606ರ ಜನವರಿ 5. ಎಸೆಕ್ಸ್‌ನ ಅರ್ಲ್, ಫ್ರಾನ್ಸಿಸ್ ಹೊವಾರ್ಡ್ ಇಬ್ಬರ ಮದುವೆ. ಗಂಡು, ಹೆಣ್ಣು ಇಬ್ಬರಿಗೂ ಹದಿನೈದರ ಆಸುಪಾಸು. ಎರಡು ಹಗೆಯ ಮನೆತನಗಳನ್ನು ಜೋಡಿಸಲು ರಾಜನೇ ಮುಂದೆ ನಿಂತು ಮಾಡಿಸಿದ್ದು. ಮಾಸ್ಕ್‌ನ ಹೆಸರು 'ಹೈಮನೀಯೈ', ಅಧಿದೇವತೆ ಮದುವೆಗಳ ಒಡತಿ ಜೂನೊ. ರೋಮನ್ ರೀತಿಯಲ್ಲಿ ಜೂನೊ ಹೆಸರು ಬರೆದು ಅಕ್ಷರ ಹಿಂದುಮುಂದು ಮಾಡಿದರೆ 'ಯೂನಿಯೊ' ಎಂದಾಗುತ್ತದೆ, ಒಂದಾಗುವುದು ಎಂದರ್ಥ. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡನ್ನೂ ಒಂದೇ ರಾಜ್ಯ ಮಾಡಬೇಕೆಂದು ಜೇಮ್ಸ್ ಪಾರ್ಲಿಮೆಂಟಿನ ಜೊತೆ ಗುದ್ದಾಡುತ್ತಿದ್ದ ದಿನಗಳು ಅವು. ದೇವಿಯ ಹೆಸರಿನಲ್ಲೇ ಜಾನ್ಸನ್ ಅರ್ಜಿ ಹಾಕಿಬಿಟ್ಟ.

ರಂಗದ ಮೇಲೆ ಬಲಿಪೀಠ, ಅದರ ಹಿಂದೆ ದೊಡ್ಡ ಭೂಗೋಲ. ಮದುವೆಯ ವಿಧಿ ಇನ್ನೇನು ಶುರುವಾಗಬೇಕು, ಗೋಲ ತಿರುಗಿ ಅದರ ಹೊಟ್ಟೆಯಿಂದ ಎಂಟು ಗಂಡಸರು ಹೊರಬರುತ್ತಾರೆ: ಮನುಷ್ಯನ ಮೈಯ ನಾಲ್ಕು ದೋಷಗಳು, ಮನಸ್ಸಿನ ನಾಲ್ಕು ಆವೇಗಗಳು. ಕತ್ತಿ ಹಿರಿದು ಬಲಿಪೀಠವನ್ನು ಸುತ್ತುವರಿಯಲು ನುಗ್ಗುತ್ತಾರೆ. ಆಗ ನುಡಿಸಿದ್ದು ಜಗಳಗಂಟಿ ಸಂಗೀತ ಎಂದು ಜಾನ್ಸನ್ ತಾನೇ ಬರೆದಿದ್ದಾನೆ. ಗೋಲದ ನೆತ್ತಿಯಲ್ಲಿ ತಲೆಯೊಳಗಿನ ಬುದ್ಧಿಯ ಹಾಗೆ ಕೂತಿದ್ದ 'ವಿವೇಕ' ಗದರಿಸಿದ ಮೇಲೆ ಕತ್ತಿ ಒರೆ ಸೇರುತ್ತದೆ, ಸಂಗೀತ ತಿಳಿಯಾಗುತ್ತದೆ, ಮೇಲೆ ಮೋಡ ಸರಿದು ಜೂನೊ ಕಾಣುತ್ತಾಳೆ, ಅವಳ ಕೆಳಗೆ ಕಾಮನಬಿಲ್ಲು ಐರಿಸ್. ಕೊನೆಗೆ ಗಂಡಸರು, ಹೆಂಗಸರು ಕೈಕೈ ಹಿಡಿದು ಸರಪಳಿಯಾಗಿ ಕುಣಿಯುತ್ತಾರೆ; ಕುಣಿಯುತ್ತ ಮದುಮಗನ ಹೆಸರಿನ ಅಕ್ಷರಗಳನ್ನು ನೆಲದ ಮೇಲೆ ಮೂಡಿಸುತ್ತಾರೆ. ಆ ಗೋಲವನ್ನು ಹಿಂದೆ ನಿಂತು ತಿರುಗಿಸಿದ್ದು ಕವಿ ಜಾನ್ಸನ್ನೇ ಎಂದು ನೋಡಿದ್ದವನೊಬ್ಬ ಗೆಳೆಯನಿಗೆ ಕಾಗದ ಬರೆದಿದ್ದಾನೆ. ಈ ಚಿತ್ರ ನನಗೆ ಬಹಳ ಇಷ್ಟ: ಲ್ಯಾಟಿನ್ ಪಂಡಿತ, ಬೆವರು ಸುರಿಸುತ್ತ, ಕೈಯಲ್ಲಿ ಪ್ರಪಂಚ.

ಆ ಮದುವೆ 1613ರಲ್ಲಿ ಮುರಿದುಬಿತ್ತು. ಪಾರ್ಲಿಮೆಂಟು ರಾಜ್ಯಗಳ ಒಂದಾಗುವಿಕೆಗೂ ಒಪ್ಪಲಿಲ್ಲ. ಜೂನೊ ಎರಡು ಕಡೆಯೂ ಸೋತಳು.

ಗಟ್ಟಿಮೇಳ ಎಂದೆನಲ್ಲ, ಅದರ ಅತಿ ದೊಡ್ಡ ಸಾಕ್ಷಿ 1609ರ ಫೆಬ್ರವರಿ 2ರ 'ದಿ ಮಾಸ್ಕ್ ಆಫ್ ಕ್ವೀನ್ಸ್'. ತನ್ನ ಪ್ರವೇಶಕ್ಕೆ ಮುಂಚೆ ಅದಕ್ಕೆ ತದ್ವಿರುದ್ಧವಾದ ಒಂದು ಕುಣಿತ ಬೇಕು, ಅದರ ಎದುರಿಗೆ ತನ್ನದು ಹೊಳೆಯಬೇಕು ಎಂದು ರಾಣಿಯೇ ಜಾನ್ಸನ್‌ಗೆ ಅಪ್ಪಣೆ ಮಾಡಿದ್ದಳು. ಅವನು ತಂದದ್ದು ಮಾಟಗಾತಿಯರನ್ನು. ನೋಡುವ ರಾಜ ಯಾರು? ಮಾಟದ ಮೇಲೆ 1597ರಲ್ಲಿ ಪುಸ್ತಕ ಬರೆದವನು, ತನ್ನ ಹಡಗಿಗೆ ಬಿರುಗಾಳಿ ಎಬ್ಬಿಸಿದ್ದು ಮಾಟಗಾತಿಯರೇ ಎಂದು ನಂಬಿದ್ದವನು.

ಪರದೆ ತೆರೆದರೆ ನರಕ, ಹೊಗೆ, ಬೆಂಕಿ. ಅಲ್ಲಿಂದ ಹನ್ನೊಂದು ಮುದುಕಿಯರು ಬರುತ್ತಾರೆ, ಆಮೇಲೆ ಅವರ ಒಡತಿ, ಒಟ್ಟು ಹನ್ನೆರಡು. ಮುಂದೆ ಬರಲಿರುವ ರಾಣಿಯರೂ ಹನ್ನೆರಡು. ಕೈಯಲ್ಲಿ ಕದಿರು, ಗಿಲಕಿ, ತಮಟೆಯಂಥವು. ಆಗ ಕೇಳುವುದನ್ನು ಜಾನ್ಸನ್ 'ಟೊಳ್ಳಾದ, ನರಕದ ಸಂಗೀತ' ಎಂದು ಕರೆದಿದ್ದಾನೆ. ಟೊಳ್ಳು ಎಂಬ ಪದಕ್ಕೆ ಕೆಳಗೆ ಗೆರೆ ಎಳೆದುಕೊಳ್ಳಿ. ಇವರ ಕುಣಿತವೆಲ್ಲ ತಿರುಗುಮುರುಗು: ಬೆನ್ನಿಗೆ ಬೆನ್ನು, ಸೊಂಟಕ್ಕೆ ಸೊಂಟ ತಾಗಿಸಿ, ಎಡಕ್ಕೆ ಹಿಂದುಹಿಂದಕ್ಕೆ ಸುತ್ತುವುದು. ಕುಣಿತ ಏರಿ ಏರಿ ಉತ್ತುಂಗಕ್ಕೆ ಬಂದಾಗ, ಎಷ್ಟೋ ವಾದ್ಯಗಳು ಒಂದೇ ಉಸಿರಿಗೆ ಸಿಡಿದಂಥ ಭಾರಿ ಸದ್ದು. ಅಷ್ಟೇ. ಮಾಟಗಾತಿಯರಿಲ್ಲ, ಅವರು ಓಡಿಹೋಗಿ ಹೊಕ್ಕ ನರಕವೂ ಇಲ್ಲ. ಆ ಜಾಗದಲ್ಲಿ ಕೀರ್ತಿದೇವಿಯ ಭವನ, ಸಿಂಹಾಸನದ ಮೇಲೆ ಹನ್ನೆರಡು ರಾಣಿಯರು.

ಗಮನಿಸಿ, ಇಲ್ಲಿ ಯಾವ ವೀರನೂ ಬಂದು ಮಾಟಗಾತಿಯರ ಜೊತೆ ಹೋರಾಡಲಿಲ್ಲ. ಯಾರೂ ವಾದ ಮಾಡಿ ಗೆಲ್ಲಲಿಲ್ಲ. ಪರ್ಸಿಯಸ್‌ನ ವೇಷದ 'ವೀರಗುಣ' ಬಂದು ಮಾತಾಡುವುದು ಎಲ್ಲ ಮುಗಿದ ಮೇಲೆ. ಕೆಡುಕನ್ನು ಅಳಿಸಿದ್ದು ಸದ್ದೊಂದೇ. ನಾಟಕ ಕಲಿಸುವ ನಮಗೆ ಇದು ಕೊರತೆ ಅನ್ನಿಸುತ್ತದೆ, ಸಂಘರ್ಷ ಎಲ್ಲಿ ಎಂದು ಕೇಳುತ್ತೇವೆ. ಆದರೆ ಹೇಳಬೇಕಾದ್ದೂ ಅದೇ ತಾನೇ: ರಾಜನ ಎದುರಿಗೆ ಕೆಡುಕು ಹೋರಾಡಿ ಸೋಲಬೇಕಾಗಿಲ್ಲ, ಇರುವುದಕ್ಕೇ ಆಗುವುದಿಲ್ಲ. ಇದನ್ನು ಮಾತಿನಲ್ಲಿ ಹೇಳಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಎದೆ ನಡುಗಿಸುವ ಸದ್ದಿನಲ್ಲಿ ಹೇಳಿದ್ದರಿಂದ ಆ ಕೋಣೆಯಲ್ಲಿದ್ದವರ ಮೈಗೆ ಅದು ಅನುಭವವಾಯಿತು.

ಆ ಭಾರಿ ಸದ್ದಿಗೆ ಒಂದು ಬಡಗಿ ಕೆಲಸವೂ ಇತ್ತು. ರಾಟೆ, ಹಗ್ಗ, ಹಲಗೆಗಳ ಕಿರ್ರ್ ಸದ್ದು ಮುಚ್ಚಬೇಕಲ್ಲ. ಮದುವೆಮನೆಯಲ್ಲಿ ಯಾರೋ ಸೀನಿದ್ದು ಮುಚ್ಚಲು ಡೋಲು ಇದ್ದ ಹಾಗೆ.

ವಾದ್ಯಗಳಲ್ಲಿ ಅವರದು ಎರಡು ಜಾತಿ, ಗಟ್ಟಿ ಮತ್ತು ಮೆಲು. ಗಟ್ಟಿಯವು ಷಾಮ್, ಕಾರ್ನೆಟ್, ಸ್ಯಾಕ್‌ಬಟ್. ಷಾಮ್ ನಮ್ಮ ನಾಗಸ್ವರದ ಕಡೆಯ ನೆಂಟ, ಎರಡು ಪಟ್ಟಿಯ ಪೀಪಿ ಇಟ್ಟು ಊದುವುದು. ಆಗಿನ ಕಾರ್ನೆಟ್ ಈಗ ಬ್ಯಾಂಡಿನಲ್ಲಿ ಕಾಣುವ ಹಿತ್ತಾಳೆಯದಲ್ಲ. ತೊಗಲು ಸುತ್ತಿದ ಬಾಗಿದ ಮರದ ಕೊಳವೆ, ಬೆರಳಿಗೆ ತೂತು. ಸ್ಯಾಕ್‌ಬಟ್ ಟ್ರಾಂಬೋನಿನ ಅಜ್ಜ. ಮೆಲು ವಾದ್ಯಗಳು ಲ್ಯೂಟ್, ವಯೋಲ್ ಎಂಬ ತಂತಿವಾದ್ಯಗಳು. ಪಿಟೀಲು ಹೆಚ್ಚಾಗಿ ಕುಣಿತಕ್ಕೆ. ದೇವರು ಇಳಿಯುವಾಗ, ರಂಗ ಬದಲಾಗುವಾಗ ಗಟ್ಟಿ. ಹಾಡಿ ಹರಸುವಾಗ, ಪ್ರೇಮಕ್ಕೆ, ನಿದ್ದೆಗೆ ಮೆಲು. ಇದು ಸಭೆಗೆಲ್ಲ ಗೊತ್ತಿದ್ದ ವ್ಯಾಕರಣ.

ಇವರನ್ನೆಲ್ಲ ಎಲ್ಲಿ ಕೂರಿಸುತ್ತಿದ್ದರು ಎಂಬುದನ್ನು ಬಿಡಿಸಿ ಹೇಳಿದವನು ಥಾಮಸ್ ಕ್ಯಾಂಪಿಯನ್. ಈತ ಕವಿ, ಸಂಗೀತಗಾರ, ಮೇಲೆ ವೈದ್ಯ ಕೂಡ. 1607ರ ಜನವರಿ 6ರಂದು ಲಾರ್ಡ್ ಹೇ ಎಂಬ ಸ್ಕಾಟಿಷ್ ಸರದಾರನಿಗೂ ಇಂಗ್ಲಿಷ್ ಹುಡುಗಿಗೂ ನಡೆದ ಮದುವೆಗೆ ಬರೆದ ಮಾಸ್ಕ್‌ನಲ್ಲಿ ಬಲಗಡೆಗೆ ಹತ್ತು ಜನ: ಲ್ಯೂಟ್‌ಗಳು, ಬಂಡೋರ, ಸ್ಯಾಕ್‌ಬಟ್, ಹಾರ್ಪ್ಸಿಕಾರ್ಡ್, ಎರಡು ಪಿಟೀಲು. ಇನ್ನೊಂದು ಕಡೆ ಒಂಬತ್ತು ಪಿಟೀಲು, ಮೂರು ಲ್ಯೂಟ್. ಇವೆರಡಕ್ಕೂ ಎದುರು, ತ್ರಿಕೋನದ ಮೂರನೇ ಮೂಲೆಯ ಹಾಗೆ, ಆರು ಕಾರ್ನೆಟ್ ಮತ್ತು ಅರಮನೆಯ ಚಾಪೆಲ್ಲಿನ ಆರು ಗಾಯಕರು. ಕಾರ್ನೆಟ್ಟಿನ ಸದ್ದು ಚುಚ್ಚುವಂಥದ್ದಾದ್ದರಿಂದ ಅವರನ್ನು ಎತ್ತರದಲ್ಲಿ ಕೂರಿಸಿದ್ದಾರೆ. ಒಂದು ಕಡೆಯ ನಾದಕ್ಕೆ ಇನ್ನೊಂದು ಕಡೆ ಪ್ರತಿಧ್ವನಿ ಕೊಡುವುದು. ನಡುವೆ ಕೂತವರಿಗೆ ಸಂಗೀತ ಎದುರಿನಿಂದ ಬರುತ್ತಿರಲಿಲ್ಲ, ಸುತ್ತಲಿಂದ ಬರುತ್ತಿತ್ತು.

ಕಥೆ ಇಷ್ಟು: ಕನ್ಯಾದೇವತೆ ಡಯಾನಾ ಸಿಟ್ಟಾಗಿ ಸೂರ್ಯದೇವನ ಒಂಬತ್ತು ವೀರರನ್ನು ಚಿನ್ನದ ಮರಗಳಾಗಿಸಿದ್ದಾಳೆ. ಈಗ ಅವಳ ಕೋಪ ಇಳಿದಿದೆ. ಹಾಡು ಶುರುವಾದಂತೆ ಮರಗಳು ಲಯಕ್ಕೆ ಕುಣಿಯುತ್ತವೆ, ಆಮೇಲೆ ಸೀಳಿ ನೆಲದೊಳಕ್ಕೆ ಇಳಿದು ಒಳಗಿನಿಂದ ಸರದಾರರು ಹೊರಬರಬೇಕು. ಅದೇ ದಿನ ಅವನ್ನು ನೋಡಿದವರೆಲ್ಲ ಮೆಚ್ಚಿದ್ದರಂತೆ. ರಾತ್ರಿ ರಾಜನ ಎದುರಿಗೆ ಮರಗಳು ಕೈಕೊಟ್ಟವು. ಯಂತ್ರಕ್ಕೆ ಸರಿಯಾಗಿ ಸಿಕ್ಕಿಸಿರಲಿಲ್ಲ. ಬಣ್ಣದವನ ದಡ್ಡತನವೋ, ಉದಾಸೀನವೋ, ಪಿತೂರಿಯೋ ಎಂದು ಕ್ಯಾಂಪಿಯನ್ ಅಚ್ಚಾದ ಪುಸ್ತಕದಲ್ಲೇ ಸಿಟ್ಟು ತೀರಿಸಿಕೊಂಡಿದ್ದಾನೆ. ನಾಟಕ ಆಡಿಸಿದವರಿಗೆಲ್ಲ ಈ ನೋವು ಗೊತ್ತು.

ಸಂಗೀತಗಾರರೂ ವೇಷದಲ್ಲೇ ಇರುತ್ತಿದ್ದರು, ಇದನ್ನು ಹೇಳಲೇಬೇಕು. ಮರೆಯಲ್ಲಿ ಕೂತ ಪಕ್ಕವಾದ್ಯ ಅಲ್ಲ ಅದು. 1608ರ 'ದಿ ಮಾಸ್ಕ್ ಆಫ್ ಬ್ಯೂಟಿ'ಯಲ್ಲಿ ಸೌಂದರ್ಯದ ಸಿಂಹಾಸನ ಪೂರ್ವದಿಂದ ಪಶ್ಚಿಮಕ್ಕೆ ತಿರುಗುತ್ತದೆ, ಮನ್ಮಥರು ಕೂತ ಮೆಟ್ಟಿಲುಗಳು ಪಶ್ಚಿಮದಿಂದ ಪೂರ್ವಕ್ಕೆ. ಒಂದು ಆಕಾಶದ ಚಲನೆ, ಇನ್ನೊಂದು ಗ್ರಹಗಳ ಚಲನೆ. ಗ್ರಹಗಳು ಸುತ್ತುವಾಗ ಹೊರಡುವ ನಾದ ಮನುಷ್ಯನ ಕಿವಿಗೆ ಬೀಳದು, ನಾವು ನುಡಿಸುವುದು ಅದರ ನೆರಳು ಎಂಬುದು ಪ್ಲೇಟೋನಿಂದ ಬೊಯೆಥಿಯಸ್‌ವರೆಗೆ ಬಂದ ಹಳೆಯ ನಂಬಿಕೆ. ಆ ಸಿಂಹಾಸನದ ತೋಪಿನಲ್ಲಿ ಕೂತು ನುಡಿಸಿದವರು ಯಾರ ವೇಷದಲ್ಲಿದ್ದರು ಗೊತ್ತೇ? ಸತ್ತುಹೋದ ಪ್ರಾಚೀನ ಕವಿಗಳು. ಕೆಂಪು, ನೇರಳೆ ನಿಲುವಂಗಿ, ತಲೆಗೆ ಲಾರೆಲ್ ಮಾಲೆ. ಆ ರಾತ್ರಿಯ ಕುಣಿತ ಜೇಮ್ಸ್‌ಗೆ ಎಷ್ಟು ಹಿಡಿಸಿತೆಂದರೆ ಎರಡನ್ನು ಮತ್ತೆ ಮಾಡಿಸಿ ನೋಡಿದ.

1613ರ ಫೆಬ್ರವರಿ 14ರಂದು ರಾಜನ ಮಗಳು ಎಲಿಜಬೆತ್‌ಳ ಮದುವೆಗೆ ಇದೇ ಕ್ಯಾಂಪಿಯನ್ ಬರೆದ 'ದಿ ಲಾರ್ಡ್ಸ್ ಮಾಸ್ಕ್'ನಲ್ಲಂತೂ ನಾಯಕನೇ ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್. ಹುಚ್ಚಿನ ದೇವತೆ ಮೇನಿಯಾ ತನ್ನ ಗುಹೆಯಲ್ಲಿ ಹುಚ್ಚರನ್ನೆಲ್ಲ ಕೂಡಿಹಾಕಿದ್ದಾಳೆ. ಅವರ ನಡುವೆ ಕಾವ್ಯಾವೇಶದ ಮೂರ್ತಿ ಎಂಥಿಯಸ್‌ನೂ ತಪ್ಪಾಗಿ ಸಿಕ್ಕಿಹಾಕಿಕೊಂಡಿದ್ದಾನೆ. ಹುಚ್ಚರಲ್ಲಿ ಪ್ರೇಮಿ ಇದ್ದಾನೆ, ಬಡ್ಡಿ ವ್ಯಾಪಾರಿ ಇದ್ದಾನೆ, ಓದಿ ಓದಿ ತಲೆ ಕೆಟ್ಟ ಪಂಡಿತನೂ ಇದ್ದಾನೆ (ನಮ್ಮ ವೃತ್ತಿಯವರಿಗೆ ಅಲ್ಲೂ ಒಂದು ಸೀಟು). ಅಬ್ಬರದ ಹುಚ್ಚು ಮಟ್ಟಿಗೆ ಅವರು ಕುಣಿಯುತ್ತಾರೆ. ಆರ್ಫಿಯಸ್ ಸಂಗೀತ ಬದಲಿಸುತ್ತಾನೆ, ಗಂಭೀರವಾದ ಮೆಲುನಾದ ಕೇಳುತ್ತಲೇ ಹುಚ್ಚರು ತಣ್ಣಗಾಗಿ ಹೊರಟುಹೋಗುತ್ತಾರೆ, ಕವಿ ಉಳಿಯುತ್ತಾನೆ. ಕಾವ್ಯಕ್ಕೂ ಹುಚ್ಚಿಗೂ ಇರುವ ಗೆರೆ ಯಾವುದು ಎಂದು ತೋರಿಸಲು ಕ್ಯಾಂಪಿಯನ್ ಒಂದು ಸಾಲನ್ನೂ ಖರ್ಚು ಮಾಡಿಲ್ಲ, ರಾಗ ತಿರುಗಿಸಿ ತೋರಿಸಿದ್ದಾನೆ.

ಎಲ್ಲವೂ ಇಷ್ಟು ಚೆಂದ ಎಂದುಕೊಳ್ಳಬೇಡಿ. 1605ರ 'ದಿ ಮಾಸ್ಕ್ ಆಫ್ ಬ್ಲ್ಯಾಕ್‌ನೆಸ್'ನಲ್ಲಿ ಆಗ ಗರ್ಭಿಣಿಯಾಗಿದ್ದ ರಾಣಿ ಮತ್ತವಳ ಸಖಿಯರು ಮುಖಕ್ಕೂ ಮೊಣಕೈವರೆಗೂ ಕಪ್ಪು ಬಳಿದುಕೊಂಡು ನೈಜರ್ ನದಿಯ ಹೆಣ್ಣುಮಕ್ಕಳಾದರು. ಕಪ್ಪನ್ನು ಬೆಳ್ಳಗೆ ಮಾಡುವ ಸೂರ್ಯ ಇರುವ ನಾಡನ್ನು ಹುಡುಕುತ್ತ ಅವರು ಬ್ರಿಟಾನಿಯಾಕ್ಕೆ ಬರುತ್ತಾರೆ. ಆ ಸೂರ್ಯ ಯಾರೆಂದು ಹೇಳಬೇಕಾಗಿಲ್ಲ. ಸಭೆಯಲ್ಲಿದ್ದ ಡಡ್ಲಿ ಕಾರ್ಲ್‌ಟನ್ ಕಪ್ಪು ಬಳಿದ ಮುಖಗಳನ್ನು ಕಂಡು ಮೂಗು ಮುರಿದು ಕಾಗದ ಬರೆದ. ನಮಗೆ ಇವತ್ತು ಮುಜುಗರವಾಗುವುದು ಬೇರೆ ಕಾರಣಕ್ಕೆ, ಕಥೆಯ ತಿರುಳಿಗೇ. ಆದರೆ ಅದರಲ್ಲಿ ಅಲೆಗಳ ಕಡೆಯಿಂದ ಹಾಡುಗಾರನೊಬ್ಬ ಆ ಹೆಣ್ಣುಗಳನ್ನು ಸಮುದ್ರಕ್ಕೆ ವಾಪಸು ಕರೆಯುವ ಹಾಡಿಗೆ ಫೆರಬೋಸ್ಕೊ ಮಾಡಿದ ಮಟ್ಟು ಉಳಿದಿದೆ, ಮತ್ತು ಅದು ಸೊಗಸಾಗಿದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಪಾಠ ಮಾಡುವಾಗ ಎರಡನ್ನೂ ಹೇಳಿ.

ಸಭೆಯವರಿಗೆ ಇದೆಲ್ಲ ಅರ್ಥವಾಗುತ್ತಿತ್ತೇ ಎಂದು ಕೇಳಿದರೆ, ಒಬ್ಬ ಸಾಕ್ಷಿ ಇದ್ದಾನೆ. ವೆನಿಸ್ ರಾಯಭಾರಿಯ ಪಾದ್ರಿ ಒರಾಜಿಯೊ ಬುಸಿನೊ 1618ರ ಜನವರಿಯಲ್ಲಿ 'ಪ್ಲೆಷರ್ ರೆಕನ್ಸೈಲ್ಡ್ ಟು ವರ್ಚ್ಯೂ' ನೋಡಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉದ್ದ ನಿಲುವಂಗಿಯ ಒಬ್ಬ ಗಿಟಾರ್ ಹಿಡಿದು ಬಂದು ಗಮಕ ತೆಗೆದು ಹಾಡಿದ, ಯಾರೋ ದೇವತೆ ಇರಬೇಕು ಎಂದು ಬರೆದುಕೊಂಡ. ನೋಡಿ, ಮಾತು ತಿಳಿಯದವನಿಗೂ ದೇವತೆ ಎಂದು ಗೊತ್ತಾದದ್ದು ಹಾಡಿದ್ದರಿಂದ. ಇಟಲಿಯ ಸಂಗೀತಕ್ಕೆ ಒಗ್ಗಿದ ನಮಗೆ ಇದು ಅಷ್ಟೇನೂ ರುಚಿಸಲಿಲ್ಲ ಎಂದೂ ಸೇರಿಸಿದ್ದಾನೆ, ತವರಿನ ಹೆಮ್ಮೆ ಬಿಡಬೇಕಲ್ಲ. ಕುಣಿದು ಕುಣಿದು ಸರದಾರರು ಸುಸ್ತಾದಾಗ ರಾಜ ಗಟ್ಟಿಯಾಗಿ, 'ಯಾಕೆ ಕುಣಿಯುತ್ತಿಲ್ಲ? ನನ್ನನ್ನು ಇಲ್ಲಿಗೆ ಕರೆಸಿದ್ದು ಯಾತಕ್ಕೆ? ನಿಮಗೆಲ್ಲ ದೆವ್ವ ಹಿಡಿಯ, ಕುಣಿಯಿರಿ!' ಎಂದು ಕೂಗಿದನಂತೆ. ಕೂಡಲೇ ರಾಜನ ಮೆಚ್ಚಿನ ಸರದಾರ ಬಕಿಂಗ್‌ಹ್ಯಾಮ್ ಎದ್ದು ನೆಗೆನೆಗೆದು ಕುಣಿದು ರಾಜನ ಸಿಟ್ಟಿಳಿಸಿದ. ಆ ಮಾಸ್ಕ್‌ನ ನೀತಿ ಸುಖಕ್ಕೂ ಸದ್ಗುಣಕ್ಕೂ ರಾಜಿ ಎಂಬುದು. ಕೊನೆಯಲ್ಲಿ ಅತಿಥಿಗಳು ಊಟದ ಮೇಜಿನ ಮೇಲೆ ಮುಗಿಬಿದ್ದು ಗಾಜಿನ ತಟ್ಟೆಗಳೆಲ್ಲ ಆಲಿಕಲ್ಲು ಬಿದ್ದ ಹಾಗೆ ಪುಡಿಯಾದವು.

ಸಂಗೀತ ಈಗ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುತ್ತದೆ, ಆದರೆ ಎಲುಬುಗೂಡು ಮಾತ್ರ. ಯಾಕೆಂದು 1611ರ ಒಂದು ಮಾಸ್ಕ್‌ನ ಖರ್ಚಿನ ಪಟ್ಟಿ ನೋಡಿದರೆ ತಿಳಿಯುತ್ತದೆ. ಕವಿ ಜಾನ್ಸನ್‌ಗೆ 40 ಪೌಂಡ್, ಜೋನ್ಸ್‌ಗೆ 40, ಹಾಡು ಕಟ್ಟಿದ ಫೆರಬೋಸ್ಕೊಗೆ 20. ಕುಣಿತ ಕಲಿಸಿದ ಮೇಷ್ಟರಿಗೆ 50! ಹಾಡುಗಳನ್ನು ಲ್ಯೂಟ್‌ಗೆ ಹೊಂದಿಸಿದವನಿಗೆ 5, ಕುಣಿತದ ಮಟ್ಟುಗಳನ್ನು ಪಿಟೀಲಿಗೆ ಹೊಂದಿಸಿದವನಿಗೆ 5. ಪುರೋಹಿತರ ವೇಷದಲ್ಲಿ ಹಾಡಿ ನುಡಿಸಿದ 12 ಜನರಿಗೆ ಒಟ್ಟು 24. ಅಂದರೆ ಮಟ್ಟು ಒಬ್ಬನದು, ಅದಕ್ಕೆ ಮೈ ತುಂಬುವುದು ಇನ್ನೊಬ್ಬನದು. ಆ ಮೈತುಂಬುವ ಹಾಳೆಗಳು ಆ ರಾತ್ರಿಗೆ ಮಾತ್ರ, ಆಮೇಲೆ ಯಾರಿಗೆ ಬೇಕು? ಬ್ರಿಟಿಷ್ ಲೈಬ್ರರಿಯಲ್ಲಿರುವ ಒಂದು ಹಸ್ತಪ್ರತಿಯಲ್ಲಿ ಮಾಸ್ಕ್‌ಗಳ ನೂರಕ್ಕೂ ಹೆಚ್ಚು ಕುಣಿತದ ಮಟ್ಟುಗಳಿವೆ, ಎಲ್ಲವೂ ಎರಡೇ ಸಾಲು: ಮೇಲಿನ ಸ್ವರ, ತಳದ ಸ್ವರ. ನಡುವಿನದನ್ನು ಈಗಿನವರು ಊಹಿಸಿ ತುಂಬುತ್ತಾರೆ. ಹಾಡುಗಳ ಸ್ಥಿತಿ ಸ್ವಲ್ಪ ವಾಸಿ; ಫೆರಬೋಸ್ಕೊ 1609ರಲ್ಲಿ ತನ್ನ ಹಾಡುಗಳ ಪುಸ್ತಕ ಅಚ್ಚು ಹಾಕಿಸಿದ, ಕ್ಯಾಂಪಿಯನ್ ಪುಸ್ತಕದ ಕೊನೆಗೆ ಐದು ಹಾಡುಗಳಿವೆ. ಇಂಟರ್‌ನೆಟ್ಟಿನಲ್ಲಿ ಫೆರಬೋಸ್ಕೊ, ರಾಬರ್ಟ್ ಜಾನ್ಸನ್ ಹೆಸರು ಹಾಕಿ ಹುಡುಕಿ. (ಈ ಜಾನ್ಸನ್ ಬೇರೆ, ಅರಮನೆಯ ಲ್ಯೂಟ್ ವಾದಕ. ಅಮೆರಿಕದ ಬ್ಲೂಸ್ ಹಾಡುಗಾರನೂ ಅದೇ ಹೆಸರಿನವನು, ಮೊದಲು ಅವನೇ ಸಿಗುತ್ತಾನೆ, ಗಾಬರಿಯಾಗಬೇಡಿ.) ಮಾಟಗಾತಿಯರ ಕುಣಿತದ ಮಟ್ಟುಗಳನ್ನು ತಪ್ಪದೆ ಕೇಳಿ. ಓಡುತ್ತಾ ಓಡುತ್ತಾ ಸಟ್ಟನೆ ನಿಂತು ಬೇರೆ ಗತಿ ಹಿಡಿಯುತ್ತವೆ.

ಈ ರಾಬರ್ಟ್ ಜಾನ್ಸನ್ ನಿಮಗೆ ಮುಖ್ಯ, ಯಾಕೆಂದರೆ ಅವನು ಅರಮನೆಗೂ ಷೇಕ್ಸ್‌ಪಿಯರನ ನಾಟಕ ಮಂಡಳಿಗೂ ಕೆಲಸ ಮಾಡಿದವನು. 'ದಿ ಟೆಂಪೆಸ್ಟ್'ನಲ್ಲಿ ಮಾಂತ್ರಿಕ ಪ್ರಾಸ್ಪೆರೊನ ಸೇವೆಯಲ್ಲಿರುವ ಗಾಳಿಯ ಚೇತನ ಏರಿಯಲ್‌ನ ಎರಡು ಹಾಡುಗಳಿಗೆ ಅವನ ಮಟ್ಟು ಉಳಿದಿದೆ. ಆ ನಾಟಕ ಅರಮನೆಯಲ್ಲಿ ಆಡಿದ್ದು 1611ರ ನವೆಂಬರ್ 1ರಂದು, ಮಾಟಗಾತಿಯರು ಮಾಯವಾಗಿ ಮೂರು ವರ್ಷವೂ ಆಗಿರಲಿಲ್ಲ. ಮುಂದೆ ರಾಜಕುಮಾರಿಯ ಮದುವೆಯ ಸಂಭ್ರಮದ ದಿನಗಳಲ್ಲೂ ಆಡಿದರು.

ಈಗ ನಾಲ್ಕನೇ ಅಂಕ ತೆಗೆಯಿರಿ. ಪ್ರಾಸ್ಪೆರೊ ತನ್ನ ಮಗಳು ಮಿರಾಂಡಾ, ಅವಳನ್ನು ಮದುವೆಯಾಗಲಿರುವ ಫರ್ಡಿನೆಂಡ್ ಇಬ್ಬರನ್ನೂ ಕೂರಿಸಿ ಈ ಮಾಸ್ಕ್ ತೋರಿಸುತ್ತಿದ್ದಾನೆ. ಐರಿಸ್, ಜೂನೊ ಇಬ್ಬರೂ ನಿಮಗೆ ಪರಿಚಯದವರೇ. ಮೆಲು ಸಂಗೀತ, ಜೂನೊ ಮತ್ತು ಸೀರಿಸ್ ಹಾಡು, ಆಮೇಲೆ ಕೊಯ್ಲಿನವರು ಮತ್ತು ಜಲಕನ್ಯೆಯರ ಕುಣಿತ. ಆ ಕುಣಿತದ ಕೊನೆಯಲ್ಲಿ ಪ್ರಾಸ್ಪೆರೊಗೆ ತನ್ನನ್ನು ಕೊಲ್ಲಲು ಮಾಟಗಾತಿಯ ಮಗ ಕ್ಯಾಲಿಬನ್ ಹೂಡಿದ ಸಂಚು ನೆನಪಾಗಿ ಮಾತಾಡುತ್ತಾನೆ. ಆಗ, ರಂಗಸೂಚನೆ ಹೇಳುವಂತೆ, ವಿಚಿತ್ರವಾದ, ಟೊಳ್ಳಾದ, ಗೊಂದಲದ ಸದ್ದಿನೊಂದಿಗೆ ಎಲ್ಲರೂ ಭಾರವಾಗಿ ಮಾಯವಾಗುತ್ತಾರೆ. ಟೊಳ್ಳು! ಮಾಟಗಾತಿಯರನ್ನು ಕರೆತರಲು ಜಾನ್ಸನ್ ಬಳಸಿದ ಅದೇ ಪದ. ಅರಮನೆಯಲ್ಲಿ ಟೊಳ್ಳು ಸದ್ದು ಮೊದಲು, ಗಟ್ಟಿಮೇಳ ಆಮೇಲೆ. ದೇವತೆಗಳು ಬಂದರೆ ಮಾಟಗಾತಿಯ ಕಡೆಯವರು ಇರಲಾರರು. ಇಲ್ಲಿ ದೇವತೆಗಳು ಮೊದಲು ಬಂದಿದ್ದಾರೆ, ಅವರನ್ನು ಓಡಿಸುವುದು ಮಾಟಗಾತಿಯ ಮಗನ ನೆನಪು. ಆಂಟಿಮಾಸ್ಕ್ ಬಂದು ಮಾಸ್ಕನ್ನು ಮುರಿಯಿತು. ಅರಮನೆಯ ಮಾಸ್ಕ್ ಕಂಡಿದ್ದ ಪ್ರೇಕ್ಷಕರ ಕಿವಿಗೆ ಆ ಸದ್ದು ತಾಳಿ ಕಟ್ಟುವ ಹೊತ್ತಿಗೆ ಓಲಗ ನಿಂತುಹೋದ ಹಾಗೆ ಕೇಳಿಸಿರಬೇಕು.

ಇದನ್ನು ತರಗತಿಯಲ್ಲಿ ಕೇಳಿಸಬಹುದು. ಏರಿಯಲ್‌ನ ಹಾಡೊಂದನ್ನು ಫೋನಿನಲ್ಲಿ ಹಾಕಿ, ನಡುವೆ ನಿಲ್ಲಿಸಿ, ಹಿಂದಿನ ಬೆಂಚಿನವರಿಗೆ ಖಾಲಿ ನೀರಿನ ಕ್ಯಾನ್ ಬಡಿಯಲು ಹೇಳಿ. ಅವರಿಗೆ ಅದಕ್ಕಿಂತ ಇಷ್ಟದ ಕೆಲಸ ಇಲ್ಲ. ಆಮೇಲೆ ಪ್ರಾಸ್ಪೆರೊ ಹೇಳುವ ಮಾತನ್ನು ಅವರಿಂದಲೇ ಓದಿಸಿ, ಎಲ್ಲರೂ ಬಾಯಿಪಾಠ ಮಾಡಿರುವ ಆ ಸಾಲು: ರೆವೆಲ್ಸ್ ಮುಗಿದವು ಎನ್ನುತ್ತಾನೆ. ರೆವೆಲ್ಸ್ ಎಂದರೆ ಏನೆಂದು ಈಗ ಅವರಿಗೆ ಗೊತ್ತಿರುತ್ತದೆ, ದೇವತೆಗಳು ಇಳಿದು ಬಂದು ನೋಡುವವರ ಕೈ ಹಿಡಿದು ಕುಣಿಯುವುದು. ಹಾಗಾದರೆ ಈ ಮಾಸ್ಕ್‌ನಲ್ಲಿ ಅದು ಯಾವಾಗ ನಡೆಯಿತು ಎಂದು ಕೇಳಿ. ಪುಟ ಹಿಂದೆ ತಿರುಗಿಸಿ ಹುಡುಕಲಿ. ಮಿರಾಂಡಾ, ಫರ್ಡಿನೆಂಡ್ ಇಬ್ಬರ ಕೈಯನ್ನೂ ಯಾರೂ ಹಿಡಿದಿಲ್ಲ, ಅವರು ಕೂತಲ್ಲಿಂದ ಎದ್ದೇ ಇಲ್ಲ.